ಸಂಚಕಾರ: ಸತ್ಯದಿಂದ ಹುಟ್ಟಿ ಗಂಡಾಂತರವಾದ ಮಾತು

ದಿನಪತ್ರಿಕೆ ತೆರೆದರೆ ವಾರಕ್ಕೊಮ್ಮೆಯಾದರೂ ಈ ಪದ ಕಣ್ಣಿಗೆ ಬೀಳುತ್ತದೆ. ಅಕಾಲಿಕ ಮಳೆ ಬಂದರೆ ದ್ರಾಕ್ಷಿ ಬೆಳೆಗೆ ಸಂಚಕಾರ, ಮರಳು ತೆಗೆದರೆ ನದಿಗೆ ಸಂಚಕಾರ, ಹೊಂಡ ಬಿದ್ದ ರಸ್ತೆಯಲ್ಲಿ ಸವಾರರ ಜೀವಕ್ಕೆ ಸಂಚಕಾರ. ಓದುವವರಿಗೆಲ್ಲ ಅರ್ಥವಾಗುತ್ತದೆ: ಅಪಾಯ, ಕುತ್ತು, ಗಂಡಾಂತರ. ನನಗೆ ಮಾತ್ರ ಈ ಮಾತು ಕೇಳಿದಾಗಲೆಲ್ಲ ಮೊದಲು ನೆನಪಾಗುವುದು ನಮ್ಮ ತಾತನ ಎಲೆ ಅಡಿಕೆ ಚಂಚಿ.

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ತಾತ ನನ್ನನ್ನು ಒಮ್ಮೆ ಕರೆದುಕೊಂಡು ಹೋಗಿದ್ದರು. ಒಂದು ಜೊತೆ ಹಳ್ಳಿಕಾರ್ ಹೋರಿಗಳ ಮೇಲೆ ಅವರ ಕಣ್ಣು ಬಿತ್ತು. ಬಾಯಿ ಬಿಡಿಸಿ ಹಲ್ಲು ನೋಡಿದರು, ಮೈಮೇಲಿನ ಸುಳಿ ನೋಡಿದರು, ನಡೆಸಿ ನೋಡಿದರು. ಆಮೇಲೆ ದಲ್ಲಾಳಿ ಬಂದು ಇಬ್ಬರ ಕೈಮೇಲೆ ಟವೆಲ್ ಹಾಕಿದ. ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಬಿಟ್ಟು, ಮತ್ತೆ ಹಿಡಿದು ಬೆಲೆ ಕುದುರಿತು. ಪೂರ್ತಿ ಹಣ ತಾತನ ಹತ್ತಿರ ಇರಲಿಲ್ಲ. ಚಂಚಿಯ ಒಳಗಿನ ಅರೆಯಿಂದ ಮಡಿಸಿ ಮಡಿಸಿ ಅಡಿಕೆಯಷ್ಟಾಗಿದ್ದ ಒಂದು ನೂರರ ನೋಟು ತೆಗೆದು ಹೋರಿಯ ಯಜಮಾನನ ಕೈಗಿಟ್ಟು, “ಸಂಚಕಾರ ಮಡಗಿದೀನಿ. ನಾಳೆ ಹೊತ್ತು ಮೂಡೋದ್ರೊಳಗೆ ಬತ್ತೀನಿ,” ಅಂದರು.

ಮರುದಿನ ಹೊತ್ತು ಮೂಡುವ ಮುಂಚೆಯೇ ಹೋದೆವು. ಹೋರಿಯವನ ಮುಖ ಬಾಡಿತ್ತು. “ಯಜಮಾನ್ರೇ, ಮನೇಲಿ ಒಪ್ತಾ ಇಲ್ಲ. ನಿಮ್ ದುಡ್ಡು ನೀವು ತಗಳ್ಳಿ,” ಅಂದ. ರಾತ್ರಿ ಯಾರೋ ಹೆಚ್ಚಿಗೆ ಕೇಳಿದ್ದರೆಂಬುದು ನಿಂತವರಿಗೆಲ್ಲ ಗೊತ್ತಾಗಿತ್ತು. ತಾತ ಮಾತಾಡಲಿಲ್ಲ. ದಲ್ಲಾಳಿಯೇ ಹೇಳಿದ: “ತಪ್ಪಿದೋನು ನೀನು. ಎರಡರಷ್ಟು ಮಡಗು.” ಅವನು ಎದುರಾಡಲಿಲ್ಲ. ಒಂದರ ಜಾಗದಲ್ಲಿ ಎರಡು ನೋಟು ತಾತನ ಕೈಗೆ ಬಂದವು, ಚಂಚಿ ಸೇರಿದವು. ಮೂವರೂ ಪಕ್ಕದ ಗುಡಿಸಲು ಹೋಟೆಲಿನಲ್ಲಿ ಕಾಫಿ ಕುಡಿದರು. ಬೈಗುಳವಿಲ್ಲ, ಪಂಚಾಯಿತಿಯಿಲ್ಲ. ಎಲೆ ಅಡಿಕೆ ಹಾಕಿಕೊಂಡು ಅಗಿದು ಮುಗಿಸುವಷ್ಟರಲ್ಲಿ ವ್ಯಾಜ್ಯ ಮುಗಿದಿತ್ತು.

ಇದನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಹೋದ ವರ್ಷ ಒಂದು ಆಪ್‌ನಲ್ಲಿ ಹಳೆಯ ಸ್ಕೂಟರ್ ನೋಡಿ, ಮಾರುವವರಿಗೆ ಮೂರು ಸಾವಿರ ರೂಪಾಯಿ ಟೋಕನ್ ಹಾಕಿದ್ದೆ. ಅವರು ಸ್ಕೂಟರನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ದೂರು ಕೊಡಲು ಹೋದರೆ ಆಪ್‌ನಲ್ಲಿ ವಿವಾದಗಳಿಗೇ ಒಂದು ನಿಯಮಾವಳಿ. ಮೊದಲ ತಪ್ಪು, ಎರಡನೆಯ ತಪ್ಪು, ಎಚ್ಚರಿಕೆ, ಅಂಕ ಕಡಿತ, ಖಾತೆ ತಡೆ, ಇದಕ್ಕೆ ಇಷ್ಟು ಶೇಕಡಾ, ಅದಕ್ಕೆ ಅಷ್ಟು, ಜೊತೆಗೆ ‘ಪರಿಸ್ಥಿತಿಗೆ ಅನುಗುಣವಾಗಿ’ ಎಂಬ ಮಾತು ಸಾಲು ಸಾಲಿನಲ್ಲೂ. ಹೆಬ್ಬೆರಳು ನೋಯುವವರೆಗೂ ಓದಿದೆ. ಯಾರು ತಪ್ಪಿದರೆ ಯಾರಿಗೆ ಎಷ್ಟು ಸಿಗುತ್ತದೆಂಬ ಒಂದೇ ಒಂದು ಸಂಗತಿ ತಿಳಿಯಲಿಲ್ಲ. ಹತ್ತೊಂಬತ್ತು ದಿನ ಕಳೆದ ಮೇಲೆ ನನ್ನ ಮೂರು ಸಾವಿರ ವಾಪಸು ಬಂತು, ಅಷ್ಟೆ. ಅಂದು ರಾತ್ರಿ ನಿಘಂಟು ತೆಗೆದು ‘ಸಂಚಕಾರ’ದ ಬೆನ್ನು ಹತ್ತಿದೆ.

ಈ ಪದದ ಮೂಲ ಸಂಸ್ಕೃತದ ‘ಸತ್ಯಂಕಾರ’. ಅಕ್ಷರಶಃ, ಸತ್ಯ ಮಾಡುವುದು. ಬಾಯಿಮಾತಿನ ವ್ಯಾಪಾರವನ್ನು ಕೈಮುಟ್ಟಿ ನಿಜ ಮಾಡುವುದು. ಸಂಸ್ಕೃತದ ‘ತ್ಯ’ ಪ್ರಾಕೃತದಲ್ಲಿ ‘ಚ್ಚ’ ಆಗುತ್ತದೆ. ನಿತ್ಯ ಎಂಬುದು ಹಳಗನ್ನಡದಲ್ಲಿ ನಿಚ್ಚವಾದದ್ದು, ಸತ್ಯ ಎಂಬುದು ಹಿಂದಿಯ ಸಚ್ ಆದದ್ದು ಇದೇ ದಾರಿಯಲ್ಲಿ. ಸತ್ಯಂಕಾರ ಹೀಗೆ ಸಚ್ಚಂಕಾರವಾಗಿ, ನಡುವಿನ ಸೊನ್ನೆ ಒಂದು ಹೆಜ್ಜೆ ಹಿಂದಕ್ಕೆ ಜಿಗಿದು ಸಂಚಕಾರವಾದಂತಿದೆ. ತೆಲುಗು, ಮರಾಠಿಗಳಲ್ಲೂ ಇದೇ ಪದ ಚೂರುಪಾರು ರೂಪ ಬದಲಿಸಿಕೊಂಡು ಮುಂಗಡ ಹಣಕ್ಕೇ ನಿಂತಿದೆ. ತಮಿಳು, ಮಲಯಾಳಗಳ ‘ಅಚ್ಚಾರ’ವೂ ಕಿವಿಗೆ ನಮ್ಮ ಸಂಚಕಾರದ ದಾಯಾದಿಯಂತೆಯೇ ಕೇಳಿಸುತ್ತದೆ.

ಪಾಣಿನಿಗೂ ಈ ಮಾತು ಗೊತ್ತಿತ್ತು. ‘ಕಾರ’ ಎಂಬುದು ಮುಂದೆ ಬಂದಾಗ ಸತ್ಯ ಶಬ್ದಕ್ಕೆ ಅನುನಾಸಿಕ ಸೇರಿ ಸತ್ಯಂಕಾರವಾಗುತ್ತದೆಂದು ಹೇಳುವುದಕ್ಕೆ ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದಲ್ಲಿ ಒಂದು ಸೂತ್ರವಿದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಐದನೆಯ ಅಧ್ಯಾಯದ ಇನ್ನೊಂದು ಸೂತ್ರ. ಅಲ್ಲಿ ‘ಸತ್ಯಾಕರೋತಿ’ ಎಂಬ ವಿಶೇಷ ರೂಪ ಬರುತ್ತದೆ, ಆದರೆ ಆಣೆ ಇಡುವ ಅರ್ಥದಲ್ಲಿ ಬರುವುದಿಲ್ಲ. ಆಣೆ ಇಡುವವನಿಗೆ ‘ಸತ್ಯಂ ಕರೋತಿ’ ಎನ್ನಬೇಕು. ಪಾಣಿನಿಯ ಸೂತ್ರಗಳ ವ್ಯಾಖ್ಯಾನವಾದ ಕಾಶಿಕಾವೃತ್ತಿ ಕೊಡುವ ಉದಾಹರಣೆ ಸರಕನ್ನು ಗಟ್ಟಿ ಮಾಡಿಕೊಳ್ಳುವ ವರ್ತಕನದು. ಎಷ್ಟು ಸೂಕ್ಷ್ಮ ನೋಡಿ. ದೇವರ ಮೇಲೆ ಆಣೆ ಇಟ್ಟು ಸತ್ಯ ಮಾಡುವುದೇ ಬೇರೆ, ಸರಕಿನ ಮೇಲೆ ಕೈಯಿಟ್ಟು ಸತ್ಯ ಮಾಡುವುದೇ ಬೇರೆ. ಒಬ್ಬನನ್ನು ನಂಬಿಕೆ ಹಿಡಿದಿಡುತ್ತದೆ, ಇನ್ನೊಬ್ಬನನ್ನು ಹಣ ಹಿಡಿದಿಡುತ್ತದೆ. ಇವೆರಡನ್ನೂ ಒಂದೇ ರೂಪದಲ್ಲಿ ಹೇಳಲು ಆ ಕಾಲದ ಭಾಷೆ ಒಪ್ಪಲಿಲ್ಲ. ಅಮರಕೋಶ ಕೂಡ ಸತ್ಯಂಕಾರವನ್ನು ಇಟ್ಟದ್ದು ವೈಶ್ಯವರ್ಗದಲ್ಲಿ, ಕೊಡುಕೊಳ್ಳುವ ಮಾತುಗಳ ನಡುವೆ.

ಪದ ಇಷ್ಟು ಗಟ್ಟಿಯಾಗಿದ್ದರೆ ಅದರ ಹಿಂದೆ ಕಟ್ಟಳೆಯೂ ಇರಬೇಕಲ್ಲ. ಇದೆ, ಯಾಜ್ಞವಲ್ಕ್ಯಸ್ಮೃತಿಯಲ್ಲಿ. ಸತ್ಯಂಕಾರವಾಗಿ ಪಡೆದದ್ದನ್ನು ಇಮ್ಮಡಿಯಾಗಿ ಹಿಂದಿರುಗಿಸಬೇಕೆಂದು ಅದು ಹೇಳುತ್ತದೆ. ಅಲ್ಲಿ ಅರ್ಧ ಶ್ಲೋಕವಾಗಿದ್ದದ್ದನ್ನು ಬಿಡಿಸಿ ನ್ಯಾಯದ ಮಾತಾಗಿಸಿದವನು ನಮ್ಮ ನೆಲದವನು. ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲದಲ್ಲಿ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಕುಳಿತು ಆ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ. ಅವನ ವಿವರಣೆಯ ತಿರುಳು ಇಷ್ಟು: ಕೊಳ್ಳುವ ಮಾರುವ ಮಾತು ನಡೆಯಲೆಂದು ಒಬ್ಬನು ಉಂಗುರವನ್ನೋ ಮತ್ತೊಂದನ್ನೋ ಇನ್ನೊಬ್ಬನ ಕೈಗೆ ಕೊಟ್ಟಿರುತ್ತಾನೆ. ಕೊಟ್ಟವನೇ ಮಾತಿಗೆ ತಪ್ಪಿದರೆ ಅದನ್ನು ಬಿಟ್ಟುಕೊಡಬೇಕು. ಪಡೆದವನು ತಪ್ಪಿದರೆ ಅದರ ಎರಡರಷ್ಟು ಕೊಡಬೇಕು.

ಘಾಟಿ ಜಾತ್ರೆಯ ದಲ್ಲಾಳಿ ಮಿತಾಕ್ಷರ ಓದಿದವನಲ್ಲ. ಆದರೂ ಅವನ ಬಾಯಲ್ಲಿ ಬಂದದ್ದು ಅದೇ ತೀರ್ಪು, ಒಂಬೈನೂರು ವರ್ಷಗಳ ಮೇಲೆ, ಒಂದಕ್ಷರ ಆಚೀಚೆಯಾಗದೆ.

ಮೇಲುನೋಟಕ್ಕೆ ಈ ಕಟ್ಟಳೆ ಮಾರುವವನ ಮೇಲೆ ಬಿಗಿಯಾಗಿದೆ ಅನ್ನಿಸಬಹುದು. ಕೊಟ್ಟವನು ತಪ್ಪಿದರೆ ಒಂದು, ಪಡೆದವನು ತಪ್ಪಿದರೆ ಎರಡು ಯಾಕೆ? ಲೆಕ್ಕ ಹಾಕಿ ನೋಡಿ. ತಾತನ ನೂರು ರೂಪಾಯಿ ಅವನ ಕೈಯಲ್ಲಿತ್ತು. ಅವನು ಕೊಟ್ಟ ಇನ್ನೂರರಲ್ಲಿ ನೂರು ತಾತನದೇ. ಅವನ ಗಂಟಿನಿಂದ ಹೋದದ್ದು ಒಂದೇ ನೂರು. ತಾತ ತಪ್ಪಿದ್ದರೂ ಹೋಗುತ್ತಿದ್ದದ್ದು ಅದೇ ಒಂದು ನೂರು. ತಕ್ಕಡಿಯ ಎರಡೂ ತಟ್ಟೆ ಸಮ. ರೋಮನ್ನರ ಕಾನೂನಿನಲ್ಲಿ ‘ಅರ್ರಾ’ ಎಂಬ ಮುಂಗಡಕ್ಕೆ ಇದೇ ನಿಯಮವಿತ್ತು. 1804ರ ಫ್ರೆಂಚ್ ನಾಗರಿಕ ಸಂಹಿತೆಯ 1590ನೆಯ ವಿಧಿಯೂ ಇದನ್ನೇ ಹೇಳುತ್ತದೆ: ಕೊಟ್ಟವನು ಕಳೆದುಕೊಳ್ಳುತ್ತಾನೆ, ಪಡೆದವನು ಎರಡರಷ್ಟು ಕೊಡುತ್ತಾನೆ. ಒಬ್ಬರಿಂದೊಬ್ಬರು ಕಲಿತರೋ, ಸರೀಕರಿಬ್ಬರು ವ್ಯಾಪಾರಕ್ಕೆ ನಿಂತಲ್ಲೆಲ್ಲ ಈ ಲೆಕ್ಕ ತಾನಾಗಿ ಹುಟ್ಟಿತೋ, ಅಂತೂ ಇದಕ್ಕಿಂತ ಸರಳವಾದ ಕಟ್ಟಳೆಯನ್ನು ನಾನು ಕಂಡಿಲ್ಲ.

ಇಲ್ಲಿ ಒಂದು ಬೇರೆ ಪದವನ್ನೂ ಪಕ್ಕದಲ್ಲಿಟ್ಟು ನೋಡಬೇಕು: ದಂಡ. ಈಗ ವ್ಯಾಪಾರದ ಯಾವ ತಪ್ಪಿಗೂ ನಮ್ಮ ಬಾಯಿಗೆ ಬರುವುದು ಇದೇ. ದಂಡ ಮೂಲತಃ ಕೋಲು. ಆ ಕೋಲು ಅಳೆಯುವುದಕ್ಕೂ ಆಗುತ್ತಿತ್ತು, ಬಾರಿಸುವುದಕ್ಕೂ ಆಗುತ್ತಿತ್ತು. ಅಳೆದ ಕೋಲು ಮಾನದಂಡವಾಯಿತು, ತೂಗಿದ ಕೋಲು ತುಲಾದಂಡವಾಯಿತು. ಬಾರಿಸಿದ ಕೋಲಿನಿಂದ ದಂಡನೆ, ದಂಡು, ದಂಡನಾಯಕ, ದಂಡಾಧಿಕಾರಿ ಎಲ್ಲ ಬಂದವು. ಬೆಂಗಳೂರಿನ ಕಂಟೋನ್ಮೆಂಟ್ ಕನ್ನಡದಲ್ಲಿ ಇಂದಿಗೂ ದಂಡು. ಕೋಲು ಹಿಡಿದವನು ಅರಸ, ಹಾಗಾಗಿ ದಂಡದ ಹಣವೂ ಅರಸನ ಬೊಕ್ಕಸಕ್ಕೆ. ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಊರನ್ನು ದಾನ ಕೊಡುವಾಗ ‘ಸದಂಡದಶಾಪರಾಧ’ ಎಂಬ ಮಾತು ಬರುತ್ತದೆ. ಆ ಊರಲ್ಲಿ ಹತ್ತು ಬಗೆಯ ಅಪರಾಧಗಳಿಗೆ ಬೀಳುವ ದಂಡದ ಆದಾಯವೂ ದಾನ ಪಡೆದವನದೇ ಎಂದರ್ಥ. ಪೆಟ್ಟು ತಿಂದವನಿಗೆ ಅದರಲ್ಲಿ ಪಾಲಿದೆಯೆಂದು ಆ ಮಾತು ಹೇಳುವುದಿಲ್ಲ.

ಸಂಚಕಾರ ಹಾಗಲ್ಲ. ಅದು ಮೇಲಕ್ಕೆ ಹೋಗುವುದಿಲ್ಲ, ಎದುರಿಗಿರುವವನಿಗೆ ಸಲ್ಲುತ್ತದೆ. ಮಾತು ಮುರಿದದ್ದರಿಂದ ಯಾರ ಹೊತ್ತು ಹಾಳಾಯಿತೋ, ಯಾರಿಗೆ ಹೋರಿ ಕೈತಪ್ಪಿತೋ ಅವನ ಚಂಚಿಗೇ ಹೋಗುತ್ತದೆ. ಸಮಾನರ ವ್ಯಾಪಾರದಲ್ಲಿ ಬೇಕಾದದ್ದು ಇದು. ನಾವು ದಂಡ ಎಂಬ ಅರಸನ ಮಾತನ್ನು ಇಬ್ಬರು ಸರೀಕರ ನಡುವೆ ತಂದಿಟ್ಟದ್ದರಿಂದಲೇ ನಿಯಮಾವಳಿಗಳು ಅಷ್ಟುದ್ದ ಬೆಳೆದವೆಂದು ನನ್ನ ನಂಬಿಕೆ. ಜನಕ್ಕೆ ಇದು ಒಳಗೊಳಗೇ ಗೊತ್ತು. “ದುಡ್ಡು ದಂಡವಾಯ್ತು”, “ಹೋದದ್ದೇ ದಂಡ” ಅನ್ನುವಾಗ ದಂಡ ಎಂದರೆ ಯಾರಿಗೂ ದಕ್ಕದೆ ವ್ಯರ್ಥವಾಗಿ ಹೋದದ್ದು.

ಹಾಗೆಂದು ದಂಡಕ್ಕೆ ಅಳತೆಯೇ ಇರಲಿಲ್ಲವೆನ್ನುವುದು ತಪ್ಪಾದೀತು. ಕೌಟಿಲ್ಯನ ಅರ್ಥಶಾಸ್ತ್ರವನ್ನೇ ನೋಡಿ. ಅದರ ತಾಳೆಗರಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾದ ಮೇಲೆ ಲೋಕಕ್ಕೆ ಗೊತ್ತಾಯಿತು. ಅದರ ಪ್ರಕಾರ ಮಾರಿದ ಸರಕನ್ನು ಕೊಡದವನಿಗೆ 12 ಪಣ ದಂಡ. ಕೊಂಡ ಸರಕನ್ನು ಒಯ್ಯದವನಿಗೂ ಅದೇ 12 ಪಣ. ವಿನಾಯಿತಿ ಮೂರಕ್ಕೆ ಮಾತ್ರ: ಸರಕಿನಲ್ಲೇ ದೋಷವಿದ್ದರೆ, ನಡುವೆ ಅನಾಹುತ ಬಂದೆರಗಿದ್ದರೆ, ವ್ಯಾಪಾರವೇ ತಾಳಲಾಗದಂಥದಾಗಿದ್ದರೆ. ಮನಸ್ಸು ಬದಲಾಯಿಸಿ ಹಿಂದೆ ಸರಿಯಲು ವರ್ತಕನಿಗೆ ಒಂದು ರಾತ್ರಿ, ಬೇಸಾಯಗಾರನಿಗೆ ಮೂರು, ದನಗಾಹಿಗೆ ಐದು ರಾತ್ರಿ ಗಡುವು. ತೂಕದ ಮೋಸಕ್ಕೂ ಹೀಗೆಯೇ. ತಕ್ಕಡಿಯಲ್ಲಿ ಕರ್ಷವೆಂಬ ಹಳೆಯ ತೂಕದ ಲೆಕ್ಕದಲ್ಲಿ ಒಂದು ಕರ್ಷದಷ್ಟು ಹೆಚ್ಚುಕಮ್ಮಿ ತಪ್ಪಲ್ಲ, ಎರಡು ಕರ್ಷ ವ್ಯತ್ಯಾಸ ಬಂದರೆ 6 ಪಣ, ಆಮೇಲೆ ಕರ್ಷ ಏರಿದಂತೆ ದಂಡವೂ ಏರುತ್ತದೆ. ಪುಟಗಟ್ಟಲೆ ಪಟ್ಟಿಯಿಲ್ಲ. ಎಲ್ಲಿಂದ ಶುರು, ಯಾವ ಲೆಕ್ಕದಲ್ಲಿ ಏರಿಕೆ ಎಂದು ಹೇಳಿ ಮುಂದಕ್ಕೆ ಹೋಗುತ್ತಾನೆ. ಕಠೋರವಾದ ದಂಡಕ್ಕೆ ಜನ ಬೆದರುತ್ತಾರೆ, ಮೃದುವಾದದ್ದನ್ನು ಲೆಕ್ಕಕ್ಕಿಡುವುದಿಲ್ಲ, ತಕ್ಕಷ್ಟಾದದ್ದನ್ನು ಗೌರವಿಸುತ್ತಾರೆ ಎಂದವನೂ ಅವನೇ. ಆ ‘ಪಣ’ವೇ ಕನ್ನಡದ ಬಾಯಲ್ಲಿ ಪಕಾರ ಹಕಾರವಾಗಿ ಹಣವಾಯಿತು ಎಂಬುದನ್ನೂ ಇಲ್ಲಿ ನೆನೆಯಬಹುದು. ಪಣಕ್ಕಿಟ್ಟದ್ದೇ ಹಣ.

ಇಷ್ಟು ಮರ್ಯಾದೆಯ ಸಂಚಕಾರ ಗಂಡಾಂತರವಾದದ್ದು ಹೇಗೆ? ಗುಟ್ಟು ಒಂದು ವಿಭಕ್ತಿ ಪ್ರತ್ಯಯದಲ್ಲಿದೆ. ಇಂದಿಗೂ ನಾವು ‘ಜೀವಕ್ಕೆ’ ಸಂಚಕಾರ, ‘ಬೆಳೆಗೆ’ ಸಂಚಕಾರ, ‘ನದಿಗೆ’ ಸಂಚಕಾರ ಎನ್ನುತ್ತೇವೆ. ಎಲ್ಲ ಕಡೆಯೂ ಚತುರ್ಥಿ. ತಾತ ಸಂಚಕಾರ ಕೊಟ್ಟದ್ದೂ ‘ಹೋರಿಗೆ’. ಹೋರಿಗೆ ಸಂಚಕಾರ ಬಿತ್ತೆಂದರೆ ಅದು ಇನ್ನು ಮನೆಯದಲ್ಲ. ಕೊಟ್ಟಿಗೆಯಲ್ಲಿ ಮೇಯುತ್ತಾ ನಿಂತಿದ್ದರೂ ಬೇರೆಯವನ ಪಾಲಾಗಿ ಹೋಗಿದೆ, ಬಂದು ಹಗ್ಗ ಹಿಡಿಯುವುದಷ್ಟೇ ಬಾಕಿ. ಜೀವಕ್ಕೆ ಸಂಚಕಾರ ಬಂತು ಎಂದು ಮೊದಲು ನುಡಿದವರ ಕಣ್ಣೆದುರು ಇದ್ದದ್ದು ಈ ಚಿತ್ರವೇ ಇರಬೇಕು. ಸಾವೆಂಬ ಗಿರಾಕಿ ಬಂದು ಮುಂಗಡ ಕೊಟ್ಟು ಹೋಗಿದ್ದಾನೆ, ನಾಳೆ ಬೆಳಿಗ್ಗೆ ಬರುತ್ತಾನೆ. ಇಂಥ ರೂಪಕ ಕಟ್ಟುವುದು ಪಂಡಿತರಿಗಿಂತ ಸಂತೆಗೆ ಹೋಗಿ ಬಂದವರಿಗೇ ಸಲೀಸು. ಕಾಲ ಕಳೆದಂತೆ ಮುಂಗಡದ ಅರ್ಥಕ್ಕೆ ಬೇರೆ ಬೇರೆ ಪದಗಳು ಬಂದು ಕುಳಿತವು. ಬೆಳಗಾವಿ, ಕಲಬುರಗಿ ಕಡೆ ಬಯಾನಾ, ಇಸಾರ. ಹಳೆ ಮೈಸೂರಿನಲ್ಲಿ ಮುಂಗಡ, ಅಡ್ವಾನ್ಸು. ಈಗ ಎಲ್ಲೆಡೆ ಟೋಕನ್. ಚಿತ್ರ ಅಳಿಸಿ ಭಯ ಮಾತ್ರ ಉಳಿಯಿತು. ‘ಸಂಚು’ ಎಂಬ ಪದದ ನೆರಳೂ ಇದರ ಮೇಲೆ ಬಿದ್ದಿರಬೇಕೆಂಬುದು ನನ್ನ ಊಹೆ. ಸಂಚಕಾರ ಅಂದಾಗ ಕಿವಿಗೆ ಒಳಸಂಚಿನ ಸದ್ದೂ ಕೇಳುತ್ತದಲ್ಲ.

ಪದದ ಹಳೆಯ ಅರ್ಥ ಹೋದರೂ ಅದರ ಕೆಲಸ ಮುಗಿದಿರಲಿಲ್ಲ. ಹೊಸ ಲೋಕದ ಒಂದು ಸಂತೆಯನ್ನು ನೋಡಿ. ‘ಬಿಸ್ಕ್’ ಎಂಬುದು ಬಿಟ್‌ಕಾಯಿನ್ ಕೊಳ್ಳುವ ಮಾರುವ ಮುಕ್ತ ತಂತ್ರಾಂಶ. 2016ರಿಂದ ಬಳಕೆಯಲ್ಲಿದೆ. ಹಣವನ್ನು ತನ್ನ ಬಳಿ ಇಟ್ಟುಕೊಳ್ಳುವ ಕಂಪನಿ ನಡುವೆ ಇಲ್ಲ. ಮುಖ ನೋಡದ, ಹೆಸರು ತಿಳಿಯದ ಇಬ್ಬರು ನೇರವಾಗಿ ವ್ಯಾಪಾರ ಮಾಡುತ್ತಾರೆ. ಅಲ್ಲಿ ಆಣೆಗೆ ಬೆಲೆಯಿಲ್ಲ, ಪಾಣಿನಿ ಬೇರೆ ಮಾಡಿಟ್ಟ ಎರಡನೆಯ ಬಗೆಯ ಸತ್ಯವೇ ಬೇಕು. ಆದ್ದರಿಂದ ವ್ಯಾಪಾರ ಶುರುವಾಗುವ ಮುಂಚೆ ಇಬ್ಬರೂ ಭದ್ರತಾ ಠೇವಣಿ ಇಡಬೇಕು. ಆ ಠೇವಣಿ ಇಬ್ಬರ ಸಹಿಯೂ ಬಿದ್ದರೆ ಮಾತ್ರ ತೆರೆಯುವ ಎರಡು ಬೀಗದ ಪೆಟ್ಟಿಗೆಯಲ್ಲಿರುತ್ತದೆ. ವ್ಯಾಜ್ಯ ಬಂದರೆ ಮಧ್ಯಸ್ಥ ಬರುತ್ತಾನೆ. ಅವನ ಕೈಯಲ್ಲಿ ಕೀಲಿಯಿಲ್ಲ. ಹೀಗೆ ಹಂಚಿಕೊಳ್ಳಿ ಎಂದು ಹೇಳಬಲ್ಲನಷ್ಟೇ, ಘಾಟಿಯ ದಲ್ಲಾಳಿಯ ಹಾಗೆ. ತಪ್ಪಿದವನ ಠೇವಣಿಯಲ್ಲಿ ಒಂದು ಪಾಲು ಎದುರಿನವನಿಗೆ ಹೋಗುತ್ತದೆ.

ತಾತ ಕಂಡಿದ್ದರೆ ಇದನ್ನು ಸಂಚಕಾರ ಅಂತಲೇ ಕರೆಯುತ್ತಿದ್ದರು. ಹಳೆಯದರಲ್ಲಿ ಒಬ್ಬ ಕೊಡುತ್ತಿದ್ದ, ಇದರಲ್ಲಿ ಇಬ್ಬರೂ ಇಡುತ್ತಾರೆ. ಎರಡರಷ್ಟು ಎಂಬ ಲೆಕ್ಕವೂ ಆಗ ಬೇಕಾಗುವುದಿಲ್ಲ. ಆದರೆ ಇಂಥ ಸಂತೆಗಳಲ್ಲೂ ‘ಯಾವ ತಪ್ಪಿಗೆ ಎಷ್ಟು ಪಾಲು’ ಎಂಬಲ್ಲಿ ತೊಡಕು ಶುರುವಾಗುತ್ತದೆ. ಒಂದು ದಿನ ತಡವಾಗಿ ಹಣ ಹಾಕಿದವನು, ಬೆಲೆ ಇಳಿದದ್ದು ನೋಡಿ ಬೇಕೆಂದೇ ಕೈಬಿಟ್ಟವನು, ಹಣ ಬಂದರೂ ಬಂತೆಂದು ಹೇಳದೆ ಕುಳಿತವನು, ಬ್ಯಾಂಕಿನ ತಡೆಯಿಂದ ನಿಜಕ್ಕೂ ಸಿಕ್ಕಿಬಿದ್ದವನು, ಎಲ್ಲರನ್ನೂ ಒಂದೇ ಕೋಲಿನಿಂದ ಅಳೆಯಲಾಗದು. ಒಬ್ಬೊಬ್ಬರಿಗೂ ಒಂದೊಂದು ಕೋಲು ಕಡಿಯುತ್ತ ಹೋದರೆ ನಿಯಮ ಕಾಡಾಗುತ್ತದೆ. ಒಬ್ಬ ಮಧ್ಯಸ್ಥ ಹೇಳಿದ್ದನ್ನು ಇನ್ನೊಬ್ಬ ಹೇಳುವುದಿಲ್ಲ, ತಪ್ಪಿದವನಿಗೆ ವಾದಿಸಲು ನೂರು ಸಂದು ಸಿಗುತ್ತವೆ. ನನ್ನ ಅನಿಸಿಕೆಯಲ್ಲಿ ಇದಕ್ಕೆ ಕೌಟಿಲ್ಯನ ದಾರಿಯೇ ಸರಿ: ಇಬ್ಬರಿಗೂ ಒಂದೇ ಮೊತ್ತ, ಬೆರಳಲ್ಲಿ ಎಣಿಸುವಷ್ಟು ವಿನಾಯಿತಿ, ಏರಿಕೆಗೆ ಒಂದೇ ಲೆಕ್ಕ. ಆ ಹಣ ಎದುರಿನವನಿಗೇ ಸೇರಲಿ ಎಂಬುದನ್ನು ವಿಜ್ಞಾನೇಶ್ವರನಿಂದ ತೆಗೆದುಕೊಳ್ಳೋಣ. ವ್ಯಾಪಾರಕ್ಕೆ ಕೈ ಹಾಕುವ ಮೊದಲೇ ತನಗೆಷ್ಟು ಹೋಗಬಹುದೆಂದು ಬಾಯಿಲೆಕ್ಕದಲ್ಲಿ ತಿಳಿದವನು ಅರ್ಧ ಜಗಳಗಳನ್ನು ಆಡುವುದೇ ಇಲ್ಲ.

ನಮ್ಮ ನ್ಯಾಯಾಲಯಗಳೂ ಸಂಚಕಾರಕ್ಕೂ ದಂಡಕ್ಕೂ ನಡುವಿನ ಗೆರೆಯನ್ನು ಮರೆತಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 74ನೆಯ ಕಲಮು ಕರಾರಿನಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿದ್ದರೂ ಅದರ ಮಿತಿಯೊಳಗೆ ನ್ಯಾಯವಾದ ಪರಿಹಾರ ಮಾತ್ರ ಸಿಗುತ್ತದೆಂದು ಹೇಳುತ್ತದೆ. 1963ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಬಂಗಲೆ ಮಾರಾಟದ ವ್ಯಾಜ್ಯದಲ್ಲಿ ಕೊಳ್ಳುವವನು ಒಟ್ಟು 25,000 ರೂಪಾಯಿ ಕೊಟ್ಟಿದ್ದ. ಅದರಲ್ಲಿ 1,000 ಮಾತು ಗಟ್ಟಿ ಮಾಡಿದ ಮುಂಗಡ, ಉಳಿದ 24,000 ಬೆಲೆಯ ಭಾಗ. ಮಾರುವವನು ಆ ಸಾವಿರವನ್ನು ಇಟ್ಟುಕೊಳ್ಳಬಹುದು, ಇಪ್ಪತ್ನಾಲ್ಕು ಸಾವಿರವನ್ನು ದಂಡವೆಂದು ನುಂಗುವಂತಿಲ್ಲ ಎಂದು ತೀರ್ಪಾಯಿತು. 1969ರಲ್ಲಿ ಸೈನ್ಯಕ್ಕೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಒದಗಿಸುವ ಗುತ್ತಿಗೆದಾರನೊಬ್ಬನ ಭದ್ರತಾ ಠೇವಣಿಯನ್ನು ಸರಕಾರ ಮುಟ್ಟುಗೋಲು ಹಾಕಿಕೊಂಡಿದ್ದಾಗ, ಅದು ಮಾತು ಗಟ್ಟಿ ಮಾಡುವ ಮುಂಗಡವಲ್ಲ, ಆಗಿರುವ ನಷ್ಟವನ್ನು ತೋರಿಸದೆ ಇಟ್ಟುಕೊಳ್ಳುವಂತಿಲ್ಲ ಎಂದಿತು ಕೋರ್ಟು. ಸಂಚಕಾರ ಎಂಬ ಪದ ತೀರ್ಪಿನಲ್ಲಿಲ್ಲ, ಆದರೆ ಅದಕ್ಕೂ ದಂಡಕ್ಕೂ ನಡುವಿನ ವ್ಯತ್ಯಾಸವನ್ನು ನ್ಯಾಯಮೂರ್ತಿಗಳು ಹುಡುಕಿ ಹಿಡಿದಿದ್ದಾರೆ. ಮುಂಗಡ ಚಿಕ್ಕದಾಗಿದ್ದರೇ ಅದು ಸಂಚಕಾರ. ಚಂಚಿಯೊಳಗೆ ಹಿಡಿಸುವಷ್ಟು.

ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಮನೆಗೋ, ಹಸುವಿಗೋ, ಹಳೆಯ ಸ್ಕೂಟರಿಗೋ ಟೋಕನ್ ಕೊಡುವಾಗ ಒಂದು ಚೀಟಿ ಬರೆಸಿಕೊಳ್ಳಿ, ಇಲ್ಲವೇ ಫೋನಿನಲ್ಲಿ ಒಂದು ಸಂದೇಶ ಕಳಿಸಿ ಒಪ್ಪಿಗೆ ಪಡೆಯಿರಿ. ಎರಡು ಸಾಲು ಸಾಕು: ಕೊಟ್ಟವರು ತಪ್ಪಿದರೆ ಬಿಡತಕ್ಕದ್ದು, ಪಡೆದವರು ತಪ್ಪಿದರೆ ಎರಡರಷ್ಟು ಕೊಡತಕ್ಕದ್ದು. ಆ ಎರಡು ಸಾಲಿನ ಮೇಲೆ ‘ಸಂಚಕಾರ’ ಎಂದು ಬರೆಯಿರಿ.